ನೋಡಿದವರ ಸಂಖ್ಯೆ

ಆಫೀಸ್ ಸಾರ್ ತೀರಿಕೊಂಡರೆಂದು ನಮ್ಮ ಹಳೆಯ ಹೆಡ್‌ಮಾಸ್ಟರು ಫೋನ್ ಮಾಡಿ ಹೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು ‘ಅಯ್ಯೋ ಪಾಪ’ ಅಲ್ಲ. ‘ಅಂತೂ ತಪ್ಪಿಸ್ಕೊಂಡ್ರಲ್ಲ’ ಎಂದುಬಿಟ್ಟೆ. ಹೆಡ್‌ಮಾಸ್ಟರು ‘ಹೂಂ, ಜಾಸ್ತಿ ನರಳಲಿಲ್ಲ, ಪುಣ್ಯಾತ್ಮ’ ಎಂದರು. ನಾನು ಅವರನ್ನು ತಿದ್ದಲು ಹೋಗಲಿಲ್ಲ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಸರಿ, ಒಳ್ಳೆಯದನ್ನೇ ಮೊದಲು ಹೇಳಿ ಮುಗಿಸುತ್ತೇನೆ. ಅದೂ ಬೇಕಾದಷ್ಟಿದೆ. ಹೆಸರು ಮಾತ್ರ ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಆಗಲಿ.

ಹೊಸಹಳ್ಳಿಯ ಒಂದು ಅನುದಾನಿತ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠ ಹೇಳುತ್ತಿದ್ದೆ, ಅವರು ಗುಮಾಸ್ತರಾಗಿದ್ದರು. ಮಕ್ಕಳು ‘ಆಫೀಸ್ ಸಾರ್’ ಅನ್ನುತ್ತಿದ್ದವು, ನಮಗೂ ಅದೇ ಬಾಯಿಗೆ ಹತ್ತಿತು. ಕಡ್ಡಿಯಂಥ ಮೈ, ಮೇಲಿನ ಗುಂಡಿಯವರೆಗೂ ಹಾಕಿದ ಬಿಳಿ ಷರ್ಟು, ಜೇಬಿನಲ್ಲಿ ಪೆನ್ನಿನ ಪಕ್ಕ ಟೈಪ್‌ರೈಟರ್ ಉಜ್ಜುವ ಪುಟ್ಟ ಬ್ರಷ್ಷು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಗ್ರೇಡ್ ಟೈಪಿಂಗ್ ಪಾಸಾದವರು. ನಿಮ್ಮ ಮುಖ ನೋಡಿಕೊಂಡು ನಿಮ್ಮ ಮಗಳ ನೆಗಡಿ ವಿಚಾರಿಸುತ್ತಲೇ ಇಲಾಖೆಗೆ ಎರಡು ಪುಟದ ಉತ್ತರ ಟೈಪ್ ಮಾಡಿ ಎಳೆದು ಕೊಡುತ್ತಿದ್ದರು, ಒಂದು ಒತ್ತಕ್ಷರ ತಪ್ಪಿರುತ್ತಿರಲಿಲ್ಲ. ನಮ್ಮ ತಾಯಿಗೆ ಆಪರೇಷನ್ ಆದಾಗ ನಾನು ಅಳುತ್ತಾ ಬರೆದ ರಜೆ ಚೀಟಿಯನ್ನು ಓದಿ, ‘ಮೇಡಂ, ಇದನ್ನ ನೋಡಿದ್ರೆ ಯಾರೂ ರಜ ಕೊಡಲ್ಲ. ಕೊಡಿ ಇಲ್ಲಿ’ ಎಂದು ಹೊಸದಾಗಿ ಟೈಪ್ ಮಾಡಿದರು. ಅದನ್ನು ಓದಿ ನನಗೇ ನನ್ನ ಮೇಲೆ ಮರುಕ ಹುಟ್ಟಿತು.

ಕಾಗದದ ಮೇಲೆ ಅವರಿಗೆ ಇದ್ದ ನಂಬಿಕೆ ನಮಗೆ ದೇವರ ಮೇಲೂ ಇರಲಿಲ್ಲ. ‘ಟೈಪ್ ಆದ್ರೆ ಮುಗೀತು ಮೇಡಂ, ಆಮೇಲೆ ಅದು ಆದಂಗೇನೇ’ ಎನ್ನುತ್ತಿದ್ದರು. ಶಾಲೆ ಬಿಟ್ಟು ಹತ್ತು ವರ್ಷವಾದವನು ಬಂದು ಟೀಸಿ ಕಳೆದುಹೋಗಿದೆ ಎಂದರೆ ಗದರುತ್ತಿರಲಿಲ್ಲ, ಓಡಾಡಿಸುತ್ತಿರಲಿಲ್ಲ. ಹಳೆಯ ದಾಖಲಾತಿ ಪುಸ್ತಕ ಕೆಳಗಿಳಿಸಿ, ಧೂಳು ಊದಿ, ನಕಲು ಮಾಡಿ ಕೈಗಿಡುತ್ತಿದ್ದರು. ಒಂದು ಟೀ ಕೂಡ ಕುಡಿಯುತ್ತಿರಲಿಲ್ಲ. ಒಬ್ಬ ಹುಡುಗಿಗೆ ಕೆಲಸದ ಇಂಟರ್‌ವ್ಯೂ ಇದೆಯೆಂದು ನಾಯಂಡಹಳ್ಳಿಯ ಅವಳ ಮನೆಗೇ ಬಸ್ಸಿನಲ್ಲಿ ಹೋಗಿ ಸರ್ಟಿಫಿಕೇಟು ಕೊಟ್ಟುಬಂದದ್ದುಂಟು. ಇದೆಲ್ಲ ಸುಳ್ಳಲ್ಲ.

ಇನ್ನೊಂದೂ ಸುಳ್ಳಲ್ಲ, ಅದನ್ನೂ ಹೇಳಬೇಕು. ಅನುದಾನಿತ ಶಾಲೆ ಎಂದರೆ ತರಗತಿಗೆ ಇಷ್ಟು ಮಕ್ಕಳು ಇರಲೇಬೇಕು, ಇಲ್ಲದಿದ್ದರೆ ತರಗತಿಯೂ ಇಲ್ಲ, ಮೇಷ್ಟ್ರೂ ಇಲ್ಲ. ಸುತ್ತಮುತ್ತ ಇಂಗ್ಲಿಷ್ ಶಾಲೆಗಳು ನಾಯಿಕೊಡೆಗಳ ಹಾಗೆ ಎದ್ದಮೇಲೆ ನಮ್ಮಲ್ಲಿ ಬೆಂಚುಗಳು ಖಾಲಿಯಾಗುತ್ತ ಬಂದವು. ಊರು ಬಿಟ್ಟುಹೋದ ಮಕ್ಕಳ ಹೆಸರನ್ನು ಆಫೀಸ್ ಸಾರ್ ಹಾಜರಿ ಪುಸ್ತಕದಲ್ಲಿ ಉಳಿಸಿಕೊಂಡರು. ಅವಕ್ಕೆ ದಿನಾ ಹಾಜರಿ ಬೀಳುತ್ತಿತ್ತು, ವಾರಕ್ಕೊಮ್ಮೆ ಒಂದೆರಡು ಗೈರುಹಾಜರಿಯೂ ಬೀಳುತ್ತಿತ್ತು. ‘ಒಂದಿನಾನೂ ತಪ್ಪಿಸ್ಕೊಳ್ದೇ ಇದ್ರೆ ಇನ್ಸ್‌ಪೆಕ್ಟ್ರಿಗೆ ಅನುಮಾನ ಬರುತ್ತೆ’ ಅನ್ನುತ್ತಿದ್ದರು. ತಿಂಗಳ ಕೊನೆಗೆ ಆ ಪುಸ್ತಕಕ್ಕೆ ಸಹಿ ಹಾಕುತ್ತಿದ್ದವಳು ಒಂಬತ್ತನೇ ಕ್ಲಾಸಿನ ಕ್ಲಾಸ್ ಟೀಚರು. ಅಂದರೆ ನಾನು.

ಶಾಲೆಗೆ ಕಂಪ್ಯೂಟರು ಬಂದದ್ದು ದಾನವಾಗಿ. ಯಾವುದೋ ಕಂಪನಿ ಹಳತಾಯಿತೆಂದು ಒಂದನ್ನು ನಮಗೆ ಕೊಟ್ಟಿತು. ಟೈಪಿಂಗ್ ಬರುವವರು ಆಫೀಸ್ ಸಾರ್ ಒಬ್ಬರೇ ಆದ್ದರಿಂದ ಹತ್ತು ದಿನದ ತರಬೇತಿಗೆ ಅವರನ್ನೇ ಕಳಿಸಿದರು. ಬಂದವರೇ ಹೆಂಡತಿಯ ಹಳೆಯ ಸೀರೆಯಲ್ಲಿ ಅದಕ್ಕೊಂದು ಮುಸುಕು ಹೊಲಿಸಿದರು. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕೆಂದು ಬೋರ್ಡು ಹಾಕಿದರು. ಮೌಸನ್ನು ಕರ್ಚೀಫಿನಲ್ಲಿ ಒರೆಸಿಯೇ ಮುಟ್ಟುತ್ತಿದ್ದರು. ಹೆಡ್‌ಮಾಸ್ಟರೇ ಚಪ್ಪಲಿ ಹಾಕಿಕೊಂಡು ಒಳಗೆ ಬಂದಾಗ ಅವರ ಕಾಲನ್ನೇ ನೋಡುತ್ತ ನಿಂತು, ಅವರು ವಾಪಸ್ ಹೋಗಿ ಬಿಟ್ಟುಬರುವವರೆಗೂ ಬಾಯಿ ಬಿಡಲಿಲ್ಲ.

ಮೊಬೈಲಿಗೆ ಒಳಬರುವ ಕರೆ ಆಗತಾನೇ ಬಿಟ್ಟಿಯಾಗಿತ್ತು, ಎಲ್ಲರ ಬಾಯಲ್ಲೂ ಇಂಟರ್ನೆಟ್ಟಿನ ಮಾತು. ಅದೇ ವರ್ಷ ಶಾಲೆಯ ಆಡಳಿತ ಮಂಡಳಿಯವರು ಹೈಸ್ಕೂಲು ವಿಭಾಗ ಮುಚ್ಚುವ ಮಾತೆತ್ತಿದರು. ಜಾಗಕ್ಕೆ ಬೆಲೆ ಬಂದಿತ್ತು. ಹೆಡ್‌ಮಾಸ್ಟರು ಕಾಡಿ ಬೇಡಿ ಒಂದು ವರ್ಷದ ಗಡುವು ಪಡೆದರು. ಅಷ್ಟರಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಒಂದುಗೂಡಿ ಬಂದು ನಮ್ಮ ಶಾಲೆ ನಮಗೆ ಬೇಕು ಎಂದು ತಮ್ಮ ಮುಂದೆ ನಿಂತರೆ ನೋಡೋಣ ಎಂದಿದ್ದರು ಮಂಡಳಿಯವರು. ನಿಲ್ಲುವವರೇನೋ ಇದ್ದರು, ಆದರೆ ಎಲ್ಲಿದ್ದಾರೆ? ಹೊಸಹಳ್ಳಿಯ ವಠಾರಗಳೆಲ್ಲ ಒಡೆದು ಮಹಡಿ ಮನೆಗಳಾಗಿ, ಹಳಬರು ಕೆಂಗೇರಿ, ಲಗ್ಗೆರೆ ಎಂದು ಚೆದುರಿಹೋಗಿದ್ದರು. ಸ್ಟಾಫ್ ರೂಮಿನಲ್ಲಿ ಯಾರೋ ‘ಒಂದು ವೆಬ್‌ಸೈಟ್ ಮಾಡ್ಬೇಕು’ ಅಂದರು.

‘ಅದೇನ್ ಮಹಾ! ವರ್ಡ್‌ನಲ್ಲೇ ಆಗುತ್ತೆ’ ಎಂದರು ಆಫೀಸ್ ಸಾರ್. ‘ಲೆಟರ್ ಟೈಪ್ ಮಾಡ್ದಂಗೆ ಮಾಡಿ, ಸೇವ್ ಮಾಡೋವಾಗ ವೆಬ್ ಪೇಜ್ ಅಂತ ಒತ್ತಿದ್ರೆ ಆಯ್ತು. ನೀವು ಮ್ಯಾಟರ್ ಕೊಡಿ ಮೇಡಂ, ಮಿಕ್ಕಿದ್ದು ನಂಗೆ ಬಿಡಿ.’

ನಾನು ಮ್ಯಾಟರ್ ಕೊಟ್ಟೆ. ಎಷ್ಟು ಕೊಟ್ಟೆ ಅಂತೀರಿ! ಮೂವತ್ತು ಪುಟ. ಒಂದೊಂದು ಬ್ಯಾಚಿಗೆ ಒಂದೋ ಎರಡೋ ಪುಟ, ನೆನಪಿದ್ದ ಮಕ್ಕಳ ಹೆಸರು, ಅವರ ಕೀಟಲೆ, ಯಾರು ಯಾವ ಬೆಂಚಿನಲ್ಲಿ ಕೂರುತ್ತಿದ್ದರು ಎಂಬುದೆಲ್ಲ. ಇಸ್ತ್ರಿ ಗಾಡಿಯವರ ಮಗಳು ಭಾಗ್ಯ ಭೂಪಟ ಬರೆದರೆ ನದಿಗಳಿಗೆ ನಿಜವಾಗಿಯೂ ನೀರು ಬರುತ್ತದೆ ಅನಿಸುತ್ತಿತ್ತು ಎಂದು ಬರೆದದ್ದು ನೆನಪಿದೆ. ಕೊನೆಗೆ ದಪ್ಪಕ್ಷರದಲ್ಲಿ: ನಿಮ್ಮ ಶಾಲೆ ಮುಚ್ಚುತ್ತಿದ್ದಾರೆ, ಬನ್ನಿ.

ಅವರು ಅದನ್ನು ಕಟ್ಟಿದ ಚಂದ ನೋಡಬೇಕಿತ್ತು. ತಿಳಿನೀಲಿ ಹಿನ್ನೆಲೆ, ಸುತ್ತ ಗುಲಾಬಿಯ ಅಂಚು, ಮೇಲೆ ಎಡದಿಂದ ಬಲಕ್ಕೆ ಓಡುವ ‘ಸುಸ್ವಾಗತ’, ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ ತಂದ ಶಾಲೆಯ ಫೋಟೋ. ಬ್ಯಾಚಿನ ಹೆಸರು ಒತ್ತಿದರೆ ಆ ಪುಟ ತೆರೆದುಕೊಳ್ಳುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಶಾಲೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ಅವರು ಫ್ಲಾಪಿಯನ್ನು ಷರ್ಟಿನ ಜೇಬಿಗಿಟ್ಟುಕೊಂಡು ವಿಜಯನಗರದ ಸೈಬರ್ ಸೆಂಟರಿಗೆ ಹೋಗುತ್ತಿದ್ದರು. ಅಲ್ಲಿ ಪುಟಗಳನ್ನು ‘ಮೇಲೆ ಹಾಕಿ’, ಎಷ್ಟು ಜನ ನೋಡಿದರೆಂಬ ಲೆಕ್ಕವನ್ನು ‘ಕೆಳಗೆ ಇಳಿಸಿಕೊಂಡು’ ತರುತ್ತಿದ್ದರು. ಸೋಮವಾರ ಊಟದ ಹೊತ್ತಿಗೆ ನನ್ನನ್ನು ಕರೆದು ತೋರಿಸುತ್ತಿದ್ದರು. ಪುಟದ ಕೆಳಗೆ ಒಂದು ಚೌಕ, ಅದರಲ್ಲಿ ‘ನೋಡಿದವರ ಸಂಖ್ಯೆ’. ಮೊದಲ ವಾರ ಹದಿನೇಳು.

‘ಹದಿನೇಳು ಜನ ನೋಡಿದ್ದಾರಾ ಸಾರ್? ನಮ್ ಸ್ಕೂಲನ್ನಾ?’

‘ಹೂಂ ಮೇಡಂ. ಅದರಲ್ಲಿ ಒಬ್ರು ದುಬೈನವ್ರು.’

ಮುಂದಿನ ವಾರ ಅರವತ್ತಾಯಿತು. ತಿಂಗಳಿಗೆ ನಾನೂರಾಯಿತು. ದಸರಾ ರಜದ ಹೊತ್ತಿಗೆ ಸಾವಿರ ದಾಟಿತು. ಒಂದು ಸೋಮವಾರ ಮೂರೇ ಮೂರು ಹೆಚ್ಚಾಗಿತ್ತು. ‘ಈ ವಾರ ಕ್ರಿಕೆಟ್ ಇತ್ತಲ್ಲ ಮೇಡಂ’ ಅಂದರು. ನಾನು ನಂಬಿದೆ. ಒಮ್ಮೆ ನಾನೇ ಬಸವೇಶ್ವರನಗರದ ಒಂದು ಸೈಬರ್ ಸೆಂಟರಿಗೆ ಹೋಗಿ, ಅವರು ಟೈಪ್ ಮಾಡಿಕೊಟ್ಟಿದ್ದ ವಿಳಾಸ ಒತ್ತಿದೆ. ಏನೂ ಬರಲಿಲ್ಲ. ಬಂದು ಕೇಳಿದ್ದಕ್ಕೆ, ‘ನಮ್ ಪುಟ ಕನ್ನಡದ್ದಲ್ವಾ ಮೇಡಂ? ಕನ್ನಡ ಅಕ್ಷರ ಹಾಕ್ಕೊಂಡಿರೋ ಮಷೀನಲ್ಲಿ ಮಾತ್ರ ಕಾಣೋದು. ಎಲ್ಲಾ ಸೆಂಟರಲ್ಲೂ ಇರಲ್ಲ’ ಎಂದರು. ಆ ಕಾಲಕ್ಕೆ ಅದರಲ್ಲಿ ಅರ್ಧ ನಿಜವೂ ಇತ್ತು. ಮಿಕ್ಕ ಅರ್ಧದಲ್ಲಿ ನಾನು ಮುಳುಗಿದೆ.

ಜನವರಿಯ ಒಂದು ಭಾನುವಾರ ಹಳೆಯ ವಿದ್ಯಾರ್ಥಿಗಳ ಸಭೆ ಎಂದು ಪುಟದಲ್ಲಿ ಹಾಕಿದೆವು. ಕಾಗದ ಹಾಕೋಣವೇ, ಗೋಡೆಗೆ ಚೀಟಿ ಅಂಟಿಸೋಣವೇ ಎಂದು ಹೆಡ್‌ಮಾಸ್ಟರು ಕೇಳಿದರು. ‘ಏನಕ್ಕೆ ಸಾರ್? ಮೂರು ಸಾವಿರ ಜನ ನೋಡಿ ಆಯ್ತಲ್ಲ’ ಎಂದು ನಾನೇ ಜಂಬದಿಂದ ಹೇಳಿದೆ. ಆಫೀಸ್ ಸಾರ್ ಪಕ್ಕದಲ್ಲೇ ನಿಂತಿದ್ದರು, ಕರ್ಚೀಫಿನಿಂದ ಮೌಸು ಒರೆಸುತ್ತಿದ್ದರು. ಆಗಲೂ ಒಂದು ಮಾತು ಆಡಲಿಲ್ಲ. ಇರಲಿ, ಚೀಟಿಯೂ ಅಂಟಿಸಿ ಅಂದಿದ್ದರೂ ಸಾಕಿತ್ತು. ಅವರ ಸುಳ್ಳು ಬರೀ ಸುಳ್ಳಾಗಿ ಉಳಿಯುತ್ತಿತ್ತು, ಶಾಲೆಯೂ ಉಳಿಯುತ್ತಿತ್ತೇನೋ.

ಆ ಭಾನುವಾರ ಮೈದಾನದಲ್ಲಿ ಇನ್ನೂರು ಕುರ್ಚಿ ಹಾಕಿಸಿದ್ದೆವು. ಖಾರಾಬಾತು, ಕೇಸರಿಬಾತು ಎರಡು ದೊಡ್ಡ ಪಾತ್ರೆಗಳಲ್ಲಿ ಬಂದಿತ್ತು. ಮಂಡಳಿಯ ಕಾರ್ಯದರ್ಶಿಗಳು ಮುಂದಿನ ಸಾಲಿನಲ್ಲಿ ಕೂತಿದ್ದರು. ಅದೇ ಬೀದಿಯಲ್ಲಿದ್ದ ಇಬ್ಬರು ಬಂದರು, ಅದೂ ಶಾಮಿಯಾನ ಕಂಡು ಯಾರ ಮದುವೆ ಎಂದು ಕೇಳಲು. ಮತ್ತೆ ಯಾರೂ ಬರಲಿಲ್ಲ. ಆಫೀಸ್ ಸಾರ್ ಐದು ನಿಮಿಷಕ್ಕೊಮ್ಮೆ ಗೇಟಿನ ಬಳಿ ಹೋಗಿ, ರಸ್ತೆಯ ಆ ಕಡೆ ಈ ಕಡೆ ಕತ್ತು ಚಾಚಿ ನೋಡಿ ಬರುತ್ತಿದ್ದರು. ಒಂದು ಗಂಟೆಯವರೆಗೂ ನೋಡಿದರು. ಯಾರಿಗೂ ಹೇಳಿಲ್ಲ ಅಂತ ಗೊತ್ತಿದ್ದ ಆ ಮನುಷ್ಯ ಅಲ್ಲಿ ನಿಂತು ಯಾರನ್ನು ಕಾಯುತ್ತಿದ್ದ ಎಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ. ಕಾರ್ಯದರ್ಶಿಗಳು ಎದ್ದು, ‘ನೋಡಿದ್ರಲ್ಲ ಹೆಡ್‌ಮಾಸ್ಟ್ರೇ, ಬೇಕಾಗಿದ್ರೆ ಬರ್ತಿದ್ರು’ ಎಂದು ಹೇಳಿ ಕಾರು ಹತ್ತಿದರು. ಜೂನ್ ತಿಂಗಳಿಗೆ ಹೈಸ್ಕೂಲು ಇರಲಿಲ್ಲ. ನನ್ನನ್ನು ಕೆಂಗೇರಿಯ ಶಾಲೆಗೆ ಹಾಕಿದರು. ಹೊರಡುವ ದಿನ ಆಫೀಸ್ ಸಾರ್ ನನ್ನ ಮೂವತ್ತು ಪುಟಗಳಿದ್ದ ಫ್ಲಾಪಿಯನ್ನು ಕೈಗಿಟ್ಟು, ‘ನೆನಪಿಗೆ ಇರ್ಲಿ ಮೇಡಂ’ ಎಂದರು. ಕೊನೆಯ ಲೆಕ್ಕ ಮೂರು ಸಾವಿರದ ಇನ್ನೂರ ಹದಿನೆಂಟು.

ಆ ಅಂಕಿ ನನ್ನನ್ನು ಹಾಳು ಮಾಡಿತು. ಮೂರು ಸಾವಿರದ ಇನ್ನೂರ ಹದಿನೆಂಟು ಜನ ನೋಡಿದರು, ಓದಿದರು, ಸುಮ್ಮನಾದರು! ಇಪ್ಪತ್ತೆರಡು ವರ್ಷ ಇಂಥವರಿಗೆ ಪಾಠ ಹೇಳಿದೆನೇ ಎಂದು ಹೊಟ್ಟೆ ಉರಿದುಹೋಯಿತು. ಬಸ್ಸಿನಲ್ಲಿ ಹಳೆಯ ಹುಡುಗರು ಸಿಕ್ಕಿ ‘ನಮಸ್ಕಾರ ಮೇಡಂ’ ಎಂದರೆ ಕಿಟಕಿ ಕಡೆ ತಿರುಗುತ್ತಿದ್ದೆ. ಎರಡು ವರ್ಷದ ಮೇಲೆ ಭಾಗ್ಯ ಅಮ್ಮನ ಜೊತೆ ಮನೆ ಹುಡುಕಿಕೊಂಡು ಬಂದಳು. ತಟ್ಟೆಯಲ್ಲಿ ಅರಿಸಿನ ಕುಂಕುಮ, ಎಲೆ ಅಡಿಕೆ, ಮೇಲೆ ಲಗ್ನಪತ್ರಿಕೆ.

‘ಮೊದಲ್ನೇ ಕಾರ್ಡು ದೇವರಿಗೆ, ಎರಡನೇದು ನಿಮಗೇ ಮೇಡಂ’ ಎಂದಳು.

ನಾನು ತಟ್ಟೆ ಮುಟ್ಟಲಿಲ್ಲ. ‘ಶಾಲೆ ಬಿದ್ದುಹೋಗೋವಾಗ ನೋಡ್ಕೊಂಡು ಕೂತಿದ್ದವಳು ನೀನು. ನನ್ನ ಹತ್ರ ಬರಬೇಡ’ ಎಂದೆ.

‘ಏನ್ ಮೇಡಂ? ನಾನೇನ್ ನೋಡ್ದೆ?’

ನಾಟಕ ಆಡುತ್ತಾಳೆ ಎಂದುಕೊಂಡೆ. ಬಾಗಿಲು ಹಾಕಿದೆ. ಕುಂಕುಮ ಹಿಡಿದು ಬಂದ ಮದುವಣಗಿತ್ತಿಯ ಮುಖದ ಮೇಲೆ ಬಾಗಿಲು ಹಾಕಿದವಳು ನಾನು. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಅದಾಗಿ ಒಂದು ವರ್ಷಕ್ಕೆ, ಕೆಂಗೇರಿ ಶಾಲೆಗೆ ಹೊಸದಾಗಿ ಬಂದ ಕಂಪ್ಯೂಟರ್ ಟೀಚರಿಗೆ ಮಾತಿನ ನಡುವೆ ನಮ್ಮ ವೆಬ್‌ಸೈಟಿನ ಕಥೆ ಹೇಳಿ ಫ್ಲಾಪಿ ತೋರಿಸಿದೆ. ಚೂಟಿ ಹುಡುಗಿ. ಮೊದಲು ಪರದೆಯ ಮೇಲೆ ಏನೇನೋ ಚಿತ್ರವಿಚಿತ್ರ ಅಕ್ಷರ ಬಂತು. ಅವಳು ಕನ್ನಡ ಅಕ್ಷರ ಹಾಕಿದ ಮೇಲೆ ನನ್ನ ಪುಟಗಳು ಕಂಡವು. ಫೋಟೋ ಇದ್ದ ಕಡೆ ಬರೀ ಕೆಂಪು ಇಂಟು ಗುರುತು.

‘ಮೇಡಂ, ಇದು ಯಾವತ್ತೂ ಇಂಟರ್ನೆಟ್ಟಿಗೆ ಹೋಗೇ ಇಲ್ಲ’ ಎಂದಳು. ‘ಈ ಅಡ್ರೆಸ್ಸನ್ನ ಯಾರೂ ತಗೊಂಡೇ ಇಲ್ಲ, ಈಗ್ಲೂ ಖಾಲಿ ಇದೆ, ನೋಡಿ. ಫೋಟೋ ಎಲ್ಲಾ ನಿಮ್ ಆಫೀಸಿನ ಆ ಮಷೀನ್ ಒಳಗೇ ಇದೆ.’

‘ಅದು ಹೇಗಾಗುತ್ತಮ್ಮ? ಮೂರು ಸಾವಿರ ಜನ ನೋಡಿದ್ದಾರೆ, ಅಲ್ಲೇ ಇದೆಯಲ್ಲ ಲೆಕ್ಕ.’

ಅವಳು ಆ ಚೌಕದ ಮೇಲೆ ಒತ್ತಿ, ಮೂರು ಸಾವಿರದ ಇನ್ನೂರ ಹದಿನೆಂಟನ್ನು ಅಳಿಸಿ ಒಂಬತ್ತು ಲಕ್ಷ ಅಂತ ಟೈಪ್ ಮಾಡಿದಳು. ‘ಇಷ್ಟೇ ಮೇಡಂ’ ಎಂದಳು.

ನಾನು ಆ ಸಂಜೆಯೇ ಮಾಗಡಿ ರಸ್ತೆಯ ಅವರ ಮನೆಗೆ ಹೋದೆ. ನಿವೃತ್ತರಾಗಿದ್ದರು. ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದವರು ನನ್ನ ಕೈಯಲ್ಲಿದ್ದ ಫ್ಲಾಪಿ ನೋಡಿದರು, ಎದ್ದು ಒಳಗೆ ಹೋಗಿ ಷರ್ಟು ಹಾಕಿಕೊಂಡು, ಮೇಲಿನ ಗುಂಡಿಯವರೆಗೂ ಹಾಕಿಕೊಂಡು ಬಂದು ಕೂತರು. ಹೆಂಡತಿ ಅಡುಗೆಮನೆಯಲ್ಲಿದ್ದರು. ಮೆಲ್ಲಗೆ ಮಾತಾಡಿದರು.

‘ಮೊದಲ್ನೇ ಶನಿವಾರ ನಿಜವಾಗ್ಲೂ ಹೋಗಿದ್ದೆ ಮೇಡಂ. ಸೆಂಟರಿನವನು ಡೊಮೈನ್ ಇದ್ಯಾ, ಸರ್ವರ್ ಯಾವ್ದು ಅಂದ. ನನ್ ತರಬೇತೀಲಿ ಅದನ್ನ ಹೇಳ್ಕೊಟ್ಟಿರ್ಲಿಲ್ಲ. ಅದೇನು ಅಂತ ಕೇಳೋಕೆ ನಾಚಿಕೆ ಆಯ್ತು. ಫ್ಲಾಪಿ ಜೇಬಿಗೆ ಹಾಕ್ಕೊಂಡು ಬಂದ್ಬಿಟ್ಟೆ. ಸೋಮವಾರ ನೀವು ಓಡಿ ಬಂದ್ರಿ. ಸುಮ್ನೆ ಹದಿನೇಳು ಅಂತ ಹಾಕಿದ್ದೆ. ನೀವು ಎಷ್ಟು ಖುಷಿ ಪಟ್ರಿ! ಮುಂದಿನ ವಾರ ಹದಿನೇಳೇ ಇಟ್ರೆ ನೀವು ಬರೆಯೋದು ನಿಲ್ಲಿಸ್ಬಿಡ್ತೀರೇನೋ ಅನ್ನಿಸ್ತು.’

‘ಶಾಲೆ ಮುಚ್ಚಿಹೋಯ್ತಲ್ಲ ಸಾರ್!’

‘ಹಾಜರಿ ಪುಸ್ತಕದಲ್ಲಿ ಹಾಕ್ತಿರ್ಲಿಲ್ವಾ ಮೇಡಂ? ಅದೂ ಶಾಲೆ ಉಳೀಲಿ ಅಂತ್ಲೇ ಅಲ್ವಾ? ನೀವೂ ಸೈನ್ ಮಾಡ್ತಿದ್ರಿ.’

ನನಗೆ ಕೆನ್ನೆಗೆ ಹೊಡೆದಂತಾಯಿತು. ಹೆಂಡತಿ ಕಾಫಿ ತಂದರು, ನಾನು ಕುಡಿಯದೆ ಎದ್ದುಬಂದೆ. ಆಮೇಲೆ ಅವರ ಮುಖ ನೋಡಲಿಲ್ಲ. ಆದರೂ ಒಳಗೊಳಗೇ ಅವರಿಗೆ ಒಂದು ರಿಯಾಯಿತಿ ಕೊಟ್ಟುಕೊಂಡೇ ಬಂದಿದ್ದೆ: ಪಾಪ, ಗೊತ್ತಿಲ್ಲದ ಮನುಷ್ಯ, ಗೊತ್ತಿಲ್ಲ ಅನ್ನಲಾಗದೆ ಸಿಕ್ಕಿಹಾಕಿಕೊಂಡ. ಮಕ್ಕಳನ್ನು ಕರೆಯಲು ಅವರ ಬಳಿ ಬೇರೆ ದಾರಿಯಾದರೂ ಎಲ್ಲಿತ್ತು?

ವೈಕುಂಠ ಸಮಾರಾಧನೆಗೆ ಹೋಗಬಾರದೆಂದಿದ್ದೆ. ಹೆಡ್‌ಮಾಸ್ಟರು ಬಿಡಲಿಲ್ಲ. ಮೆಟ್ರೋಗೆಂದು ರಸ್ತೆ ಅಗೆದಿದ್ದ ಧೂಳಿನಲ್ಲಿ ನಡೆದು ಆ ಚಿಕ್ಕ ಕಲ್ಯಾಣ ಮಂಟಪ ಮುಟ್ಟಿದರೆ ಒಳಗೆ ಕಾಲಿಡಲು ಜಾಗವಿಲ್ಲ. ಎಲ್ಲ ನಮ್ಮ ಮಕ್ಕಳೇ. ಬೊಕ್ಕತಲೆಯವರು, ಕೂಸು ಎತ್ತಿಕೊಂಡವರು, ಸೂಪರ್‌ವೈಸರುಗಳು, ಆಟೋ ಓಡಿಸುವವರು. ನೂರೈವತ್ತಕ್ಕೆ ಕಡಿಮೆಯಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವರ ಮಗನನ್ನು ಕೇಳಿದೆ, ಇಷ್ಟು ಜನ ಹೇಗೆ ಬಂದರಪ್ಪ ಎಂದು.

‘ಅಪ್ಪನ ಡೈರಿ ಇತ್ತು ಆಂಟಿ. ಟೀಸಿಗೆ, ಸರ್ಟಿಫಿಕೇಟಿಗೆ ಅಂತ ಬಂದವ್ರದ್ದೆಲ್ಲಾ ನಂಬರ್ ಬರ್ಕೊಂಡಿದ್ರು. ಬ್ಯಾಚ್ ಪ್ರಕಾರ ನೀಟಾಗಿದೆ. ಸುಮಾರು ಹಳೇ ಏಳು ನಂಬರಿನ ಲ್ಯಾಂಡ್‌ಲೈನು, ಮುಂದೆ ‘2’ ಸೇರಿಸ್ಕೊಂಡು ಫೋನ್ ಮಾಡ್ದೆ. ಒಬ್ಬೊಬ್ರು ಹತ್ತತ್ತು ಜನಕ್ಕೆ ಹೇಳಿದ್ರು.’

ಬೆಂಗಳೂರಿನ ಫೋನುಗಳು ಏಳಂಕಿ ಬಿಟ್ಟು ಎಂಟಂಕಿಯಾದದ್ದು ನಮ್ಮ ವೆಬ್‌ಸೈಟು ಶುರುವಾಗುವ ಮುಂಚೆ. ಅಂದರೆ ಆ ಡೈರಿ ಆಗಲೇ ಇತ್ತು. ದಾಖಲಾತಿ ಪುಸ್ತಕಗಳ ಜೊತೆ ಕಂಪ್ಯೂಟರಿನ ಪಕ್ಕದ ಅಲ್ಮೇರದಲ್ಲೇ, ಕೈಗೆಟಕುವಷ್ಟು ಹತ್ತಿರದಲ್ಲಿ ಇದ್ದಿರಬೇಕು. ಹತ್ತು ಫೋನು ಸಾಕಾಗಿತ್ತು. ಮಾಡಲಿಲ್ಲ. ಏಕೆ ಮಾಡಲಿಲ್ಲ ಎಂಬುದು ಆ ಬಾಗಿಲಲ್ಲಿ ನಿಂತಂತೆಯೇ ಹೊಳೆಯಿತು. ಒಬ್ಬನನ್ನು ಫೋನ್ ಮಾಡಿ ಕರೆಸಿದ್ದರೂ ಅವನು ಸಭೆಯಲ್ಲಿ ನನ್ನ ಮುಂದೆ ‘ಯಾವ ವೆಬ್‌ಸೈಟ್ ಮೇಡಂ?’ ಎಂದುಬಿಡುತ್ತಿದ್ದ. ಆ ಒಂದು ಪ್ರಶ್ನೆ ನನ್ನ ಕಿವಿಗೆ ಬೀಳದಿರಲೆಂದು ಆ ಮನುಷ್ಯ ಶಾಲೆಯನ್ನೇ ಹೋಗಲು ಬಿಟ್ಟ. ನಾಚಿಕೆಗೆ ಹೇಳಿದ ಸುಳ್ಳನ್ನು ಕ್ಷಮಿಸಬಹುದಿತ್ತು. ಇದನ್ನು ಏನೆನ್ನಲಿ?

ಹಾರ ಹಾಕಿದ ಫೋಟೋದ ಪಕ್ಕದಲ್ಲಿ ಅವರ ಹೆಂಡತಿ ಕೂತಿದ್ದರು. ‘ಸ್ಕೂಲು ಉಳಿಸ್ಬೇಕು ಅಂತ ಎಷ್ಟು ಒದ್ದಾಡಿದ್ರು ಗೊತ್ತಾ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ಎದುರು ನಿಂತಿದ್ದವಳು ಭಾಗ್ಯ. ಸೊಂಟದಲ್ಲಿ ಮಗು. ನನ್ನನ್ನು ನೋಡಿ ಸರಿದುಹೋಗಲು ನೋಡಿದಳು. ನಾನೇ ಹೋಗಿ ಕೈ ಹಿಡಿದುಕೊಂಡೆ.

‘ಆವತ್ತು ಯಾಕೆ ಹಂಗಂದ್ರಿ ಅಂತ ಇವತ್ತಿಗೂ ಗೊತ್ತಿಲ್ಲ ಮೇಡಂ’ ಎಂದಳು. ಕಣ್ಣು ತುಂಬಿತ್ತು. ‘ಸ್ಕೂಲು ಮುಚ್ಚಿದ್ದು ಇಲ್ಲಿಗೆ ಬಂದ್ಮೇಲೇ ಎಷ್ಟೋ ಜನಕ್ಕೆ ಗೊತ್ತಾಗಿದ್ದು. ಒಂದ್ ಮಾತು ಹೇಳಿ ಕಳಿಸಿದ್ರೆ ನಾವು ಬರ್ತಿರ್ಲಿಲ್ವಾ? ಯಾಕ್ ಮೇಡಂ ನಮಗೆ ಹೇಳ್ಲಿಲ್ಲ?’

ಹೇಳಿದೆ ಕಣೇ, ಮೂವತ್ತು ಪುಟ ಬರೆದು ಹೇಳಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಲ್ಲಿ ಎಂದು ಕೇಳುತ್ತಿದ್ದಳು. ಒಂದು ಮೊಳ ದೂರದಲ್ಲಿ ಆ ಹೆಂಗಸು ಕಣ್ಣೊರೆಸಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು, ಗಂಡನ ಬಗ್ಗೆ ನಾನೂ ಒಂದು ಒಳ್ಳೆಯ ಮಾತು ಆಡುತ್ತೇನೆಂದು.

‘ತಪ್ಪು ನಂದೇ ಭಾಗ್ಯ’ ಎಂದೆ. ‘ನಾನೇ ಯಾರಿಗೂ ಹೇಳ್ಲಿಲ್ಲ.’

ಭಾಗ್ಯ ನನ್ನ ಕೈಯಿಂದ ಕೈ ಬಿಡಿಸಿಕೊಂಡಳು. ‘ಹೋಗ್ಲಿ ಬಿಡಿ ಮೇಡಂ’ ಎಂದು, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಪಂಕ್ತಿಯ ಕಡೆ ನಡೆದಳು. ಮದುವೆ ಹೇಗಾಯಿತು, ಯಾವ ಊರಿಗೆ ಕೊಟ್ಟರು ಎಂದು ಕೇಳುವ ಬಾಯಿ ನನಗಿರಲಿಲ್ಲ.

ಸಾಯುವ ಮುಂಚೆ ಒಂದು ಸಲ, ಆ ಮಕ್ಕಳಲ್ಲಿ ಒಬ್ಬರಿಗಾದರೂ, ನಿಜ ಹೇಳಿ ಹೋಗಬಹುದಿತ್ತು ಆತ. ಹೇಳದೆ ಹೋದದ್ದನ್ನು ಅವರ ಹೆಂಡತಿಯ ಮುಂದೆ ನಾನು ಹೊತ್ತುಕೊಂಡೆ, ಆ ತಾಯಿಯ ಮುಖ ನೋಡಿ. ಆತನಿಗಾಗಿ ಅಲ್ಲ. ಆತನನ್ನು ನಾನು ಕ್ಷಮಿಸಿಲ್ಲ.